ಸುಣ್ಣದ ಕಲ್ಲಿನ ಈಚೆ

ಮೇಲಿನ ಗುಡ್ಡವನ್ನು ಗಣಿಯವರಿಗೆ ಕೊಟ್ಟರು. ಅಲ್ಲಿ ವರ್ಷಗಳಿಂದ ಯಾರೂ ಕುರಿ ಮೇಯಿಸಿಲ್ಲ, ಹಾಗಾಗಿ ಅದರ ಮೇಲೆ ಯಾರ ಹಕ್ಕೂ ಇಲ್ಲ ಎಂದು ಕಾರಣ ಹೇಳಿದರು.

ಮೇಯಿಸದಂತೆ ನೋಡಿಕೊಂಡವಳು ಗಾರ್ಡಮ್ಮ. ಮೈಮೇಲೆ ಅರಣ್ಯ ಇಲಾಖೆಯ ಖಾಕಿ. ಹುಟ್ಟಿನಿಂದ ಕುರಿಗಾಹಿಯ ತಂಗಿ. ನೆಟ್ಟ ಸಸಿಗಳು ಆಳೆತ್ತರ ಬೆಳೆಯುವ ತನಕ ಗುಡ್ಡಕ್ಕೆ ಬಿಡುವು ಕೊಡಿ, ಆಮೇಲೆ ಹುಲ್ಲೆಲ್ಲ ನಿಮ್ಮದೇ ಎಂದು ಇಲಾಖೆಯ ಸಾಹೇಬರು ಅವಳ ಮನೆಯಲ್ಲೇ ಕೂತು, ಅವಳು ಕೊಟ್ಟ ನೀರು ಕುಡಿದು ಮಾತು ಕೊಟ್ಟಿದ್ದರು. ಆ ಮಾತನ್ನು ಅವಳು ಕುರಿಗಾಹಿಗಳ ಮನೆಮನೆಗೂ ಹೊತ್ತು ತಿರುಗಿದ್ದಳು. ಗುಡ್ಡದ ಬುಡದ ಕಲ್ಲಿಗೆ ಗಡಿ ಗುರುತಾಗಿ ತಾನೇ ಸುಣ್ಣ ಬಳಿದಿದ್ದಳು. ಅಣ್ಣ ಗೊಣಗಿಕೊಂಡೇ ಮುಂದಾಳು ಟಗರನ್ನು ಕೊಂಬು ಹಿಡಿದು ಆ ಕಲ್ಲಿನ ಹತ್ತಿರ ತಿರುಗಿಸಿ ತಿರುಗಿಸಿ ರೂಢಿ ಮಾಡಿಸಿದ. ಅದು ತಿರುಗಿದರೆ ಮಂದೆಯೆಲ್ಲ ತಿರುಗುತ್ತಿತ್ತು. ಕೆಳಗಿನ ಬಯಲು ಪ್ರವಾಸಿಗರ ಡೇರೆಗಳ ಪಾಲಾದಾಗಲೂ ಮಂದೆ ರಸ್ತೆಬದಿಯ ಧೂಳು ತಿಂದಿತೇ ಹೊರತು ಕಲ್ಲು ದಾಟಲಿಲ್ಲ. ಸಸಿಗಳು ಆಳೆತ್ತರ ದಾಟಿ ಮರಗಳೇ ಆದವು. ಕೇಳಿದಾಗೆಲ್ಲ ಸಾಹೇಬರು "ಇನ್ನೊಂದು ವರ್ಷ ತಡೀರಿ" ಅನ್ನುತ್ತಿದ್ದರು.

ಈಗ ಅವರು ಕಚೇರಿಯ ಮೇಜಿನ ಮೇಲೆ ಮುದ್ರೆಯ ಸುತ್ತಿಗೆ ಇಟ್ಟರು. ತೊಗಟೆ ಕೆತ್ತಿ ಅದರಿಂದ ಒಂದೇಟು ಹಾಕಿದರೆ ಮರದ ಮೇಲೆ ಇಲಾಖೆಯ ಗುರುತು ಬೀಳುತ್ತದೆ. ಗುರುತು ಬೀಳದ ಮರಕ್ಕೆ ಯಾರೂ ಗರಗಸ ಹಚ್ಚುವಂತಿಲ್ಲ.

"ನಡಿಯಮ್ಮ, ಗಣಿಯವರ ಜೀಪು ಕಾಯ್ತಿದೆ."

"ಸಾರ್, ಮೇಯಿಸಬೇಡಿ ಅಂದಿದ್ದು ನಾವೇ ಅಲ್ವಾ?"

"ಹೌದು. ಅವರೂ ಮೇಯಿಸ್ಲಿಲ್ಲ. ಮೇಲಿನವರಿಗೆ ಅದನ್ನೇ ಹೇಳ್ದೆ. ಸುಳ್ಳೇನಾದ್ರೂ ಹೇಳಿದ್ನಾ?"

ಅವಳು ಸುತ್ತಿಗೆ ಎತ್ತಿಕೊಂಡು ಜೀಪು ಹತ್ತಿದಳು.

ಕಲ್ಲಿನ ಈಚೆ ಅಣ್ಣ ಮಂದೆಯೊಂದಿಗೆ ನಿಂತಿದ್ದ.

"ಏನಪ್ಪಾ, ಇನ್ನೂ ಇಲ್ಲೇ ಇದ್ದೀಯಾ?" ಸಾಹೇಬರು ನಕ್ಕರು.

"ಇವತ್ತಾದ್ರೂ ದಾಟಿಸೋಣ ಅಂತ ಬಂದೆ ಸ್ವಾಮಿ. ಟಗರು ಒಪ್ತಿಲ್ಲ. ನಿಮ್ಮ ಮಾತು ನಂಬಿಬಿಟ್ಟಿದೆ, ಕುರಿ ನೋಡಿ." ಆಮೇಲೆ ತಂಗಿಯ ಕಡೆ ತಿರುಗಿದ. "ನೀನು ಅವತ್ತು ಆ ಮಾತು ಹೊತ್ತು ಬಂದಿದ್ದು ಗಾರ್ಡಾಗೋ, ತಂಗಿಯಾಗೋ? ಅದೊಂದು ಹೇಳ್ಬಿಡೇ, ಸಾಕು."

ಅವಳು ಟಗರಿನ ಕೊಂಬು ಹಿಡಿದು ಕಲ್ಲಿನಾಚೆ ಎಳೆದಳು. ಅದು ಕಾಲೂರಿ ನಿಂತಿತು. ಮತ್ತೆ ಎಳೆದಳು. ಅದು ಕತ್ತು ಕೊಸರಿಕೊಂಡು, ಕಲಿಸಿದ ಹಾಗೆಯೇ, ವಾಪಸು ತಿರುಗಿತು. ಹಿಂದಿದ್ದ ಮಂದೆಯೂ ತಿರುಗಿತು.

"ಆಟ ಸಾಕು," ಅಂದರು ಸಾಹೇಬರು. "ಆ ಮೊದಲನೇ ಮರದಿಂದ ಶುರು ಮಾಡು. ಹೊಡಿ."

ಗಾರ್ಡಮ್ಮ ಸುಣ್ಣದ ಕಲ್ಲಿನ ಮೇಲೆ ಕೂತಳು. ಸುತ್ತಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಹೊಡಿಯಲ್ಲ ಸಾರ್."

"ಕೆಲಸ ಹೋಗುತ್ತೆ, ಗೊತ್ತಾ?"

"ಹೋಗ್ಲಿ."

"ಸರಿ, ಸುತ್ತಿಗೆ ಇತ್ತ ಕೊಡು. ನಾನೇ ಹೊಡೀತೀನಿ."

"ಅದನ್ನೂ ಕೊಡಲ್ಲ."