ಸೋತವರ ಉಂಡಿ

ಕಾರು ಬೆಲ್ಟ್‌ವೇ ಹೆದ್ದಾರಿ ಸೇರಿದ ಕೂಡಲೇ ರೇಣುಕಾದೇವಿ ಪರ್ಸಿನೊಳಗೆ ಕೈಹಾಕಿ ಉಂಡಿ ಇದೆಯೇ ಎಂದು ಮುಟ್ಟಿ ನೋಡಿಕೊಂಡರು. ಕಾಗದದಲ್ಲಿ ಸುತ್ತಿದ ಒಂದೇ ಒಂದು ಶೇಂಗಾ ಉಂಡಿ. ಕಾರು ನಡೆಸುತ್ತಿದ್ದ ಮಗಳು ನಮ್ರತಾ ಓರೆಗಣ್ಣಿನಲ್ಲಿ ಅದನ್ನು ನೋಡಿದಳು. ಕ್ಯಾಸಿನೊಗೆ ಉಂಡಿ ಕಟ್ಟಿಕೊಂಡು ಹೋಗುವವರು ಇಡೀ ಮೇರಿಲ್ಯಾಂಡಿನಲ್ಲಿ ತನ್ನ ಅವ್ವ ಒಬ್ಬಳೇ ಇರಬೇಕು ಎಂದುಕೊಂಡಳು.

"ಇದೊಂದ್ ಸಲ ನೋಡ್ತೀನಿ ಅವ್ವಾ. ನನಗ ಸರಿ ಅನಸ್ಲಿಲ್ಲ ಅಂದ್ರ ಇದೇ ಲಾಸ್ಟ್. ಆಮ್ಯಾಲೆ ಡ್ರೈವ್ ಮಾಡು ಅಂತ ಕೇಳಬ್ಯಾಡ."

ರೇಣುಕಾದೇವಿ ಆತು ಎಂದರು. ಅನ್ನದೆ ಮಾಡುವುದೇನಿತ್ತು? ಇಷ್ಟು ದಿನ ಕರೆದೊಯ್ಯುತ್ತಿದ್ದ ಗೆಳತಿ ಜಯಾ ಊರು ಬಿಟ್ಟು ದೂರದ ಏಪೆಕ್ಸ್‌ನ ಮಗನ ಮನೆ ಸೇರಿದ್ದಳು. ಕಣ್ಣಿನ ಆಪರೇಷನ್ ಆದಮೇಲೆ ಹೈವೇಯಲ್ಲಿ ಕಾರು ನಡೆಸುವ ಧೈರ್ಯ ರೇಣುಕಾದೇವಿಗೆ ಉಳಿದಿರಲಿಲ್ಲ. ಅವರಿರುವ ಜರ್ಮನ್‌ಟೌನಿನ ಬಸ್ಸುಗಳೋ ಆಫೀಸಿನವರನ್ನು ಬಿಟ್ಟರೆ ಇನ್ನಾರನ್ನೂ ಕೇಳುವುದಿಲ್ಲ. ಮಕ್ಕಳ ಡಾಕ್ಟರಾಗಿ ಜೀವಮಾನವಿಡೀ ಅಳು ಕೇಳಿದ ಕಿವಿಗೆ ತಿಂಗಳಿಗೊಂದು ಮಧ್ಯಾಹ್ನ ಆ ಮಷೀನುಗಳ ಕಿಣಿಕಿಣಿ, ಪಕ್ಕದಲ್ಲಿ ಕೂತು ಕಷ್ಟಸುಖ ಹೇಳುವ ದೇಶದೇಶದ ಅಜ್ಜಿಯರು, ಊಟ ಮುಗಿಸಿ ನೋಡುವ ನದಿ, ಇಷ್ಟೇ ಅವರ ಸುಖ. ಅದು ಕೈಬಿಟ್ಟರೆ ಅವರಿಗೆ ನಿಜಕ್ಕೂ ದುಃಖವಾಗುತ್ತಿತ್ತು.

ನಮ್ರತಾ ಔಷಧಿ ಕಂಪನಿಯೊಂದರಲ್ಲಿ ಅಂಕಿಅಂಶದ ಕೆಲಸದವಳು. ಆಡಿದಷ್ಟೂ ಕ್ಯಾಸಿನೊದ ಪಾಲೇ ಹೆಚ್ಚುತ್ತದೆ, ಹೊತ್ತು ಹೋದಷ್ಟೂ ಸೋಲು ಖಾತ್ರಿ ಎಂದು ದಾರಿಯುದ್ದಕ್ಕೂ ಪಾಠ ಹೇಳಿದಳು. ರೇಣುಕಾದೇವಿ ಹೂಂಗುಟ್ಟಿದರು. ಅವರಿಗೆ ಗೊತ್ತಿತ್ತು. ಅದಕ್ಕೇ ಅವರು ಕಡಿಮೆ ಪಣದ ಮಷೀನು ಖಾಲಿ ಸಿಗುವ ವಾರದ ನಡುವಿನ ದಿನ ನೋಡಿ ಹೋಗುತ್ತಿದ್ದರು, ನಿಧಾನವಾಗಿ ಆಡುತ್ತಿದ್ದರು, ಕ್ಯಾಸಿನೊದ ಕಾರ್ಡು ತೋರಿಸಿ ಪುಕ್ಕಟೆ ಊಟ ಹೊಡೆಯುತ್ತಿದ್ದರು. ಒಯ್ದ ದುಡ್ಡು ಮುಗಿದರೆ ಮುಗಿಯಿತು.

"ಸಿನಿಮಾ ನೋಡಿ ಹೊರಗ ಬಂದು ಟಿಕೆಟ್ ರೊಕ್ಕಾ ತಿರುಗಿ ಕೊಡ್ರಿ ಅಂತೀಯೇನ?" ಎಂದಷ್ಟೇ ಕೇಳಿದರು.

ಉಂಡಿಯದು ಬೇರೆಯೇ ಕಥೆ. ಗದಗಿನ ಕಡೆಯ ಅವರ ತವರಿನಲ್ಲಿ ನಾಗರ ಪಂಚಮಿ ಬಂತೆಂದರೆ ಗಂಡಸರು ತೆಂಗಿನಕಾಯಿ ಎಸೆಯುವ ಪಂಥ ಕಟ್ಟುತ್ತಿದ್ದರು. ಸೋತವನ ಬಾಯಿಗೆ ಅವರ ಅಜ್ಜಿ ಒಂದು ಉಂಡಿ ತುರುಕುತ್ತಿದ್ದಳು. ಬಾಯಿ ಸಿಹಿಯಾದವನು ಆ ದಿನ ಮತ್ತೆ ಪಂಥ ಕಟ್ಟುವಂತಿಲ್ಲ. ಹೋಗಿ ಜೋಕಾಲಿಯಲ್ಲಿ ಕೂರಬೇಕು, ಉಳಿದವರು ತೂಗಬೇಕು. ಬಾಯ್ತುಂಬ ಉಂಡಿ ಇಟ್ಟುಕೊಂಡು ಜೋಕಾಲಿಯ ಮೇಲೆ ಮುಖ ಊದಿಸಿಕೊಂಡವರನ್ನು ರೇಣುಕಾದೇವಿ ಇಂದಿನವರೆಗೆ ಕಂಡಿಲ್ಲ. ಆ ಮನೆಯ ಪದ್ಧತಿಯನ್ನು ಅವರು ಇಲ್ಲಿಯೂ ಬಿಟ್ಟಿರಲಿಲ್ಲ; ಸೋತ ದಿನ ತಾವೇ ಉಂಡಿ ಬಾಯಿಗೆ ಹಾಕಿಕೊಂಡು ಆಟ ಬಿಟ್ಟು ಏಳುತ್ತಿದ್ದರು.

ಒಳಗೆ ಹೋದಮೇಲೆ ನಮ್ರತಾ ಸ್ವಲ್ಪ ಹೊತ್ತು ಅವ್ವನ ಬೆನ್ನ ಹಿಂದೆ ಪೊಲೀಸರಂತೆ ನಿಂತಳು. ಆಮೇಲೆ ಬ್ಲ್ಯಾಕ್‌ಜಾಕ್ ಆಟದ ಎಲೆ ಹೇಗೆ ಹಂಚುತ್ತಾರೆ ನೋಡುತ್ತೇನೆಂದು ಅತ್ತ ಹೋದಳು. ರೇಣುಕಾದೇವಿ ತಮ್ಮ ಮೆಚ್ಚಿನ ಮಷೀನಿನ ಮುಂದೆ ಹಾಯಾಗಿ ಕೂತರು. ಬಹಳ ಹೊತ್ತಾದರೂ ಮಗಳ ಸುಳಿವಿಲ್ಲ. ಉಳಿದ ದುಡ್ಡಿಗೆ ಮಷೀನಿನಿಂದ ಚೀಟಿ ತೆಗೆದುಕೊಂಡು ಹುಡುಕುತ್ತಾ ಹೊರಟರು.

ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಸ್ವೆಟರಿನ ತೋಳು ಮೇಲೇರಿಸಿ, ಕೆನ್ನೆ ಕೆಂಪಗೆ ಮಾಡಿಕೊಂಡು ನಮ್ರತಾ ಟೇಬಲ್ಲಿಗೆ ಅಂಟಿ ಕೂತಿದ್ದಳು. ಮೊದಲು ಗೆದ್ದಿದ್ದಳಂತೆ. ಈಗ ಮುಂದೆ ಏನೂ ಉಳಿದಿರಲಿಲ್ಲ. ಅವ್ವನನ್ನು ಕಂಡವಳೇ ಬ್ಯಾಂಕಿನ ಕಾರ್ಡು ಹಿಡಿದು ಎದ್ದಳು.

"ಎಟಿಎಂಗೆ ಹೋಗಿ ಬರ್ತೀನಿ ಅವ್ವಾ. ಇಷ್ಟೊತ್ತು ಸೋತೀನಿ, ಈಗ ಬರಲೇಬೇಕು. ಇಟ್ಸ್ ಡ್ಯೂ."

ದಾರಿಯುದ್ದಕ್ಕೂ ಪಾಠ ಹೇಳಿದ ಬಾಯಿ ಇದೇ. ರೇಣುಕಾದೇವಿಗೆ ನಗು ಬಂತು, ಮರುಕ್ಷಣವೇ ಮಗಳ ಕಣ್ಣು ಕಂಡು ನಗು ಇಳಿಯಿತು. ಒಂದು ಗಳಿಗೆ ಅವರಿಗೆ ಆಸೆಯೂ ಆಯಿತು. ಸುಮ್ಮನಿದ್ದರೆ ಇವಳಿಗೆ ರುಚಿ ಹತ್ತುತ್ತದೆ, ಪ್ರತಿ ತಿಂಗಳು ತಾನಾಗಿಯೇ ಕರೆತರುತ್ತಾಳೆ. ತಡೆದರೆ ನಾಚಿಕೆ ಸಿಟ್ಟಾಗಿ ತಿರುಗಿ, ಇಂದಿಗೆ ಕ್ಯಾಸಿನೊದ ಋಣ ತೀರಿದಂತೆಯೇ.

ಪರ್ಸಿನ ಜಿಪ್ ಎಳೆದರು. ಕಾಗದ ಬಿಚ್ಚಿ, ಚಿಕ್ಕವಳಿದ್ದಾಗ ಔಷಧಿ ಹಾಕುತ್ತಿದ್ದಂತೆ ಗದ್ದ ಹಿಡಿದು, ಇಡೀ ಉಂಡಿಯನ್ನು ಮಗಳ ಬಾಯಿಗೆ ತುರುಕಿದರು.

"ಬಾಯಿ ಸಿಹಿ ಆತು, ಆಟ ಮುಗೀತು. ನಡಿ ನಮ್ರತಾ."

ಎಲೆ ಹಂಚುತ್ತಿದ್ದಾಕೆ ನಗು ತಡೆಯಲು ಅತ್ತ ತಿರುಗಿದಳು. ನಮ್ರತಾ ಏನೋ ಅನ್ನಲು ಹೋದಳು. ಬಾಯ್ತುಂಬ ಶೇಂಗಾ, ಬೆಲ್ಲ, ಏಲಕ್ಕಿ. ಮಾತು ಹೊರಡಲಿಲ್ಲ. ಕೋಪ ಮಾಡಿಕೊಳ್ಳಲು ನೋಡಿದಳು, ಅದಕ್ಕೂ ಬಾಯಿ ಖಾಲಿ ಇರಬೇಕಲ್ಲ. ಕೊನೆಗೆ ಮೂಗಿನಿಂದಲೇ ನಕ್ಕುಬಿಟ್ಟಳು, ಉಂಡಿಯ ಪುಡಿ ಸ್ವೆಟರಿನ ಮೇಲೆಲ್ಲ ಉದುರಿತು. ಕಾರ್ಡು ಜೇಬಿಗೆ ಹೋಯಿತು.

ನದಿಯ ದಂಡೆಯಲ್ಲಿ ಸರಪಳಿಗೆ ತೂಗುಹಾಕಿದ ಬೆಂಚಿತ್ತು. ರೇಣುಕಾದೇವಿ ಅದಕ್ಕಾಗಿಯೇ ಅತ್ತ ನಡೆದಿದ್ದರು. ಇಬ್ಬರೂ ಕೂತರು. ಬಿಸಿಲು ಬೆಚ್ಚಗಿತ್ತು. ನಮ್ರತಾ ಹಲ್ಲಿನ ಸಂದಿಯ ಶೇಂಗಾವನ್ನು ನಾಲಿಗೆಯಿಂದ ಹುಡುಕಿದಳು. ಆಮೇಲೆ, ನಿನ್ನದೆಷ್ಟು ಹೋಯಿತು ಎಂದು ಮೆಲ್ಲಗೆ ಕೇಳಿದಳು. ರೇಣುಕಾದೇವಿ ಚೀಟಿ ತೋರಿಸಿದರು. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

"ಅಂದ್ರ ನೀ ಇನ್ನೂ ಆಡಬಹುದಿತ್ತು."

"ಉಂಡಿ ಒಂದ ಇತ್ತಲ್ಲವಾ. ಅದೂ ನಿನಗ ಹೋತು."

ನಮ್ರತಾ ನದಿಯ ಕಡೆ ನೋಡಿದಳು. ಇಷ್ಟಾದಮೇಲೆ ಅವಳು ಏನನ್ನುತ್ತಾಳೋ ಎಂದು ರೇಣುಕಾದೇವಿ ಚೀಟಿಯನ್ನು ಮಡಿಸುತ್ತಾ ಕೂತರು.

"ಮುಂದಿನ ತಿಂಗಳು ಎರಡು ಕಟ್ಕೊಂಡು ಬಾ ಅವ್ವಾ."

ರೇಣುಕಾದೇವಿ ಕಾಲಿನಿಂದ ನೆಲ ಒತ್ತಿ ಒಂದು ಜೀಕು ಜೀಕಿದರು. ನಮ್ರತಾಳ ಶೂ ಎರಡೂ ನೆಲ ಬಿಟ್ಟು ಮೇಲೆದ್ದವು.