ನಾಲ್ಕು ದಿನಕ್ಕೆಂದು ಬಂದ ಮಗಳು

ನಮ್ಮ ಮನೆ ಮಾಲೀಕರು ನಿವೃತ್ತ ಪೋಸ್ಟ್‌ಮಾಸ್ಟರು. ಮೂವತ್ತೆರಡು ವರ್ಷ ಕಂಡವರ ಕಾಗದಗಳನ್ನೆಲ್ಲ ಸರಿಯಾದ ಬಾಗಿಲಿಗೆ ತಲುಪಿಸಿದೆನೆಂದು ಎದೆ ತಟ್ಟಿಕೊಳ್ಳುವ ಈ ಮಹಾನುಭಾವರಿಗೆ ಸ್ವಂತ ಮಗಳು ಎಲ್ಲಿದ್ದಾಳೆಂದು ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಮಗಳು ಇದ್ದದ್ದು ಅವರದೇ ಮನೆಯಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ಗಂಡನ ಹೊಡೆತ ತಾಳಲಾರದೆ ಬಂದು ಹನ್ನೊಂದು ವರ್ಷವಾಗಿತ್ತು. ಯಾರಾದರೂ ಕೇಳಿದರೆ ಪೋಸ್ಟ್‌ಮಾಸ್ಟರು ನಗುನಗುತ್ತಾ, "ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದಿದಾಳೆ" ಎನ್ನುತ್ತಿದ್ದರು.

ಆ ನಾಟಕಕ್ಕೆ ಪರಿಕರವೂ ಇತ್ತು. ನಡುಮನೆಯ ಮೂಲೆಯಲ್ಲಿ ಅವಳ ಸೂಟ್‌ಕೇಸು, ಈಗಷ್ಟೇ ಬಸ್ಸಿಳಿದು ತಂದಿಟ್ಟ ಹಾಗೆ, ಸದಾ ನಿಂತಿರುತ್ತಿತ್ತು. ಒಳಗಿದ್ದದ್ದು ಬಟ್ಟೆಯ ಚಿಂದಿ. ತಂಗಿಯ ಮದುವೆಯಾಗುವವರೆಗೆ ಸುಮ್ಮನಿರು ಎಂದರು, ಮದುವೆಯಾಯಿತು. ಆಮೇಲೆ, ತಂಗಿಯ ಅತ್ತೆಮನೆಯವರಿಗೆ ತಿಳಿಯಬಾರದು ಎಂದರು. ಗುರುತಿನ ಚೀಟಿಯಿಂದ ಬ್ಯಾಂಕಿನ ಪುಸ್ತಕದವರೆಗೆ ಎಲ್ಲದರಲ್ಲೂ ಗಂಡನ ಮನೆಯ ವಿಳಾಸವೇ ಇರಬೇಕೆಂಬುದು ಅಪ್ಪನ ಕಟ್ಟಪ್ಪಣೆ. ಇಡೀ ಬೀದಿಗೆ ಗೊತ್ತಿದ್ದ ಗುಟ್ಟು ಅದು. ಆದರೂ ನಾವೆಲ್ಲ, ಮಹಡಿಯಲ್ಲಿ ಬಾಡಿಗೆಗಿದ್ದ ನಾನೂ ಸೇರಿ, ಆಗಾಗ "ಯಾವಾಗ ಬಂದ್ರಿ?" ಎಂದು ಅವಳನ್ನು ಕೇಳುತ್ತಿದ್ದೆವು. ನಮಗೂ ನಾಚಿಕೆಯಿರಲಿಲ್ಲ.

ಅವಳು ಪಕ್ಕದ ಬೀದಿಯಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಅಂಗಡಿ ಇಟ್ಟಿದ್ದಳು. ಎರಡು ಮಷೀನು, ಅಳತೆ ಬರೆಯುವ ಒಂದು ಪುಸ್ತಕ, ಕೈತುಂಬ ಕೆಲಸ. ಒಂದು ಬೆಳಗ್ಗೆ ಕೋರ್ಟಿನ ಅಮೀನ ಬಂದು ಎರಡೂ ಮಷೀನುಗಳಿಗೆ ಜಪ್ತಿಯ ಚೀಟಿ ಅಂಟಿಸಿದ. ಗಂಡನೆಂಬುವನು ವ್ಯಾನು ಕೊಳ್ಳಲು ಫೈನಾನ್ಸಿನಲ್ಲಿ ಸಾಲ ಮಾಡಿ, ಜಾಮೀನಿಗೆ ಇವಳ ಹೆಸರು ಹಾಕಿ, ಸಹಿಯನ್ನೂ ತಾನೇ ಗೀಚಿದ್ದ. ಸಾಲ ತೀರಿಸಲಿಲ್ಲ. ಇವಳ ಹೆಸರಿನ ಸಮನ್ಸು ಅವನ ಮನೆಗೆ ಹೋಯಿತು. ಹೆಂಡತಿಯ ಪರವಾಗಿ ತೆಗೆದುಕೊಂಡು ಮೂಲೆಗೆಸೆದ. ಇವಳು ಹಾಜರಾಗಲಿಲ್ಲವೆಂದು ಇವಳ ಮೇಲೆಯೇ ತೀರ್ಪಾಯಿತು. ಸಮನ್ಸು ಕೊಡಲು ಸಿಗದ ಅಂಗಡಿ, ಜಪ್ತಿಗೆ ಮಾತ್ರ ಸಲೀಸಾಗಿ ಸಿಕ್ಕಿತು! ಇಪ್ಪತ್ತು ದಿನ ಬಿಟ್ಟು ಬಂದು ಮಷೀನು ಹೊತ್ತೊಯ್ಯುತ್ತೇವೆ ಎಂದು ಹೇಳಿ ಅಮೀನ ಹೋದ.

ನಾನು ಕೋರ್ಟಿನ ಗೇಟಿನ ಮುಂದೆ ಕೂತು ಅರ್ಜಿ ಟೈಪು ಮಾಡಿ ಬದುಕುವವಳು. ಅವಳನ್ನು ನನಗೆ ಗೊತ್ತಿದ್ದ ವಕೀಲೆಯ ಬಳಿಗೆ ಕರೆದೊಯ್ದೆ.

"ತೀರ್ಪು ರದ್ದು ಮಾಡಿಸಬಹುದು," ಎಂದರು ವಕೀಲೆ. "ಆದ್ರೆ ನೀವು ಆ ಮನೇಲಿ ಇರ್ಲಿಲ್ಲ ಅಂತ ತೋರಿಸ್ಬೇಕು. ನಿಮ್ಮ ಕಾಗದಗಳೆಲ್ಲ ಅಲ್ಲೇ ಇದೀರಿ ಅಂತಿವೆ. ಮಗಳು ನಮ್ಮ ಮನೇಲೇ ಇದಾಳೆ ಅಂತ ನಿಮ್ಮ ತಂದೆ ಪ್ರಮಾಣಪತ್ರ ಕೊಡ್ಲಿ."

ಟೈಪು ಮಾಡಿ ತಂದು ಪೋಸ್ಟ್‌ಮಾಸ್ಟರ ಮುಂದಿಟ್ಟೆ. 'ಹನ್ನೊಂದು ವರ್ಷಗಳಿಂದ' ಎಂಬಲ್ಲಿಗೆ ಬಂದವರೇ ಕನ್ನಡಕ ತೆಗೆದರು.

"ಇದಕ್ಕೆ ನಾನು ಸಹಿ ಹಾಕಲ್ಲ."

"ಇದರಲ್ಲಿ ಸುಳ್ಳೇನಿದೆ ಅಪ್ಪಾ?" ಎಂದಳು ಮಗಳು.

"ಸುಳ್ಳಲ್ಲ. ನಿಜ ಅಂತ ಎಲ್ಲಾನೂ ಬೀದೀಲಿ ಹರಡಕ್ಕಾಗತ್ತಾ? ಮಷೀನು ಹೋದ್ರೆ ಇನ್ನೊಂದು ಬರತ್ತೆ. ಮಾನ ಹೋದ್ರೆ ಯಾವ ಅಂಗಡೀಲಿ ಸಿಗತ್ತೆ?"

ನನಗೆ ತಡೆಯಲಾಗಲಿಲ್ಲ. "ಸರ್, ಆ ಮಾನದ ದೆಸೆಯಿಂದ್ಲೇ ಸಮನ್ಸು ಅಲ್ಲಿಗೆ ಹೋಗಿದ್ದು. ತಪ್ಪು ವಿಳಾಸ ಬರೆಸಿದೋರು ನೀವು."

"ಬಾಡಿಗೆಗಿರೋರು ಬಾಡಿಗೆಗಿರೋ ಹಾಗೆ ಇರಿ," ಎಂದು ನನ್ನ ಬಾಯಿ ಮುಚ್ಚಿಸಿ ಮಗಳ ಕಡೆ ತಿರುಗಿದರು. "ನಿನಗೆ ಎರಡು ಹೊತ್ತು ಅನ್ನ ಹಾಕಕ್ಕೆ ನಾನಿಲ್ವಾ?"

"ನೀವಿದೀರಪ್ಪ. ನಾನೇ ಇಲ್ಲಿ ಇಲ್ವಲ್ಲ!"

ಪೋಸ್ಟ್‌ಮಾಸ್ಟರು ಎದ್ದು ನಿಂತರು. "ನನ್ನ ಮನೆ ನಂಬರು ಕೋರ್ಟಿನ ಕಾಗದದಲ್ಲಿ ಬಂತೋ, ಮತ್ತೆ ಈ ಹೊಸ್ತಿಲು ತುಳೀಬೇಡ."

ಇಂಥವರನ್ನು ನಾವು ಮರ್ಯಾದಸ್ಥರು ಎನ್ನುತ್ತೇವೆ. ಅಳಿಯ ಬಾರಿಸಿದಾಗ ಹೋಗದ ಮಾನ, ಮಗಳ ಸಹಿ ಕದ್ದಾಗಲೂ ಹೋಗದ ಮಾನ, ಮಗಳು ನಿಜ ಹೇಳಿದರೆ ಮಾತ್ರ ಹೋಗಿಬಿಡುತ್ತದಂತೆ. ಥೂ! ಹೆಣ್ಣುಮಕ್ಕಳನ್ನು ಇಟ್ಟುಕೊಂಡೂ ಇಲ್ಲವೆನ್ನುವ ಮನೆಗಳು ನಮ್ಮಲ್ಲಿ ಇದೊಂದೇ ಅಲ್ಲ.

ಮರುದಿನ ತಾಯಿ ಮಹಡಿ ಹತ್ತಿ ಬಂದರು. ಗಂಡನೆದುರು ಒಂದು ಮಾತನ್ನೂ ಪೂರ್ತಿ ಆಡಿದವರಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ನಾನು ಹೇಳಿದ್ರೆ ಕೋರ್ಟಲ್ಲಿ ನಡೆಯತ್ತಾ?"

"ನಡೆಯತ್ತಮ್ಮ," ಎಂದೆ. ಪ್ರಮಾಣಪತ್ರದಲ್ಲಿ ಅಪ್ಪ ಇದ್ದಲ್ಲೆಲ್ಲ ಅಮ್ಮ ಎಂದು ತಿದ್ದಿ ಟೈಪು ಮಾಡಿದೆ.

ಕೋರ್ಟಿನಲ್ಲಿ ಫೈನಾನ್ಸಿನ ವಕೀಲರು ಆಕೆಯನ್ನು ಸುಲಭದ ತುತ್ತು ಎಂದುಕೊಂಡಿರಬೇಕು. "ಮಗಳು ನಿಮ್ಮ ಮನೇಲೇ ಇದ್ಲು ಅಂತೀರಿ. ಮತ್ತೆ ಜನಕ್ಕೆಲ್ಲ ನಾಲ್ಕು ದಿನಕ್ಕೆ ಬಂದಿದಾಳೆ ಅಂತ ಯಾಕೆ ಹೇಳ್ತಿದ್ರಿ?"

"ಹೇಡಿತನಕ್ಕೆ ಸ್ವಾಮಿ. ಅವಳ ಬೆನ್ನಿನ ಬಾಸುಂಡೆಗೆ ಎಣ್ಣೆ ಹಚ್ಚಿದೋಳು ನಾನು. ಹಚ್ಚಿ ಆಚೆ ಬಂದು, ಮಗಳು ಗಂಡನ ಮನೇಲಿ ಸುಖವಾಗಿದಾಳೆ ಅಂದೋಳೂ ನಾನೇ. ಹನ್ನೊಂದು ವರ್ಷದಿಂದ ನನ್ನ ಮಗ್ಗುಲಲ್ಲೇ ಮಲಗ್ತಾಳೆ."

"ನೀವು ಇಲ್ಲಿಗೆ ಬಂದಿರೋದು ನಿಮ್ಮ ಯಜಮಾನ್ರಿಗೆ ಗೊತ್ತಾ?"

"ಗೊತ್ತು. ಅಡುಗೆ ಮಾಡಿಟ್ಟಿಲ್ಲ ಅನ್ನೋದೂ ಗೊತ್ತು."

ನ್ಯಾಯಾಧೀಶರು ಕಾಗದಗಳ ಮೇಲೆ ತಲೆ ಬಗ್ಗಿಸಿದರು. ನಕ್ಕರೋ ಏನೋ, ಕಾಣಲಿಲ್ಲ. ತೀರ್ಪು ರದ್ದಾಯಿತು, ಜಪ್ತಿ ನಿಂತಿತು, ಮೊಕದ್ದಮೆ ಮತ್ತೆ ಮೊದಲಿಂದ ನಡೆಯಬೇಕೆಂದಾಯಿತು.

ಗುಮಾಸ್ತ ಪೆನ್ನು ಹಿಡಿದು ಕೇಳಿದ: "ಇನ್ಮೇಲೆ ನೋಟೀಸು ಯಾವ ವಿಳಾಸಕ್ಕಮ್ಮ?"

ಮಗಳು ತಾಯಿಯ ಮುಖ ನೋಡಿದಳು. ಅಂಗಡಿಯ ವಿಳಾಸ ಕೊಟ್ಟು ಪಾರಾಗಬಹುದಿತ್ತು. ಅವಳು ಅಪ್ಪನ ಮನೆಯ ನಂಬರನ್ನು ಸ್ಪಷ್ಟವಾಗಿ ಹೇಳಿದಳು.

"ಅಡುಗೆಮನೆ ಪಕ್ಕದ ಕೋಣೆ ಅಂತಾನೂ ಬರ್ಕೊಳ್ಳಿ," ಎಂದರು ತಾಯಿ.

ಸಂಜೆ ಮನೆಗೆ ಬಂದರೆ ಒಳಗಿನಿಂದ ಚಿಲಕ ಬಿದ್ದಿತ್ತು. ಮಗಳು ಅಂಗಡಿಯ ಕಡೆ ಹೆಜ್ಜೆ ಹಾಕಿದಳು. ತಾಯಿ ಅವಳ ಕೈ ಹಿಡಿದು ನಿಲ್ಲಿಸಿ ತಾವೇ ಬಾಗಿಲು ಬಡಿದರು.

"ತೆಗೀರಿ. ತೆಗೀದಿದ್ರೆ ನಾವಿಬ್ರೂ ಇಲ್ಲೇ ಮೆಟ್ಟಿಲ ಮೇಲೆ ಕೂತ್ಕೋತೀವಿ. ಯಾಕೆ ಕೂತಿದೀವಿ ಅಂತ ಹೋಗೋರಿಗೆ ಬರೋರಿಗೆಲ್ಲ ಹೇಳ್ತೀನಿ."

ಎದುರು ಮನೆಯ ಕಿಟಕಿ ಆಗಲೇ ತೆರೆದಿತ್ತು. ನಾನೂ ಅಲ್ಲೇ ನಿಂತಿದ್ದೆ. ಈ ಸಲ ಬೇರೆ ಕಡೆ ನೋಡಲಿಲ್ಲ. ಒಳಗೆ ಚಿಲಕ ಸರಿಯಿತು. ಬಾಗಿಲು ಅರ್ಧ ತೆರೆದು ಪೋಸ್ಟ್‌ಮಾಸ್ಟರು, "ಬೇಗ ಒಳಗೆ ಬನ್ನಿ, ಜನ ನೋಡ್ತಾರೆ," ಎಂದು ಪಿಸುಗುಟ್ಟಿದರು.

ತಾಯಿ ಬಾಗಿಲನ್ನು ಪೂರ್ತಿ ತಳ್ಳಿದರು. "ನೋಡ್ಲಿ," ಎಂದು ಮಗಳನ್ನು ಮುಂದೆ ಬಿಟ್ಟರು.