ಮೂರನೇ ಕಂಪ್ಯೂಟರಿನ ಗಡಿಯಾರ

ರದ್ದು ಮಾಡಿದ ಹನ್ನೆರಡನೇ ಸೀಟು ಮತ್ತೆ ಬಂದು ಕೂತಿತ್ತು.

"ಬಂತಾ?" ಬಾಗಿಲ ಪಕ್ಕದ ಮೂರನೇ ಕಂಪ್ಯೂಟರಿನ ಹಿಂದಿನಿಂದ ಕೊಕ್ಕರೆ ಕತ್ತು ಚಾಚಿದ. ಆ ಕತ್ತು ನೋಡಿಯೇ ತರಗತಿಯವರು ಇಟ್ಟ ಹೆಸರದು.

"ಬರದೆ ಏನು. ಒಲ್ಲದ ನೆಂಟರ ಹಾಗೆ, ಹೊರಡಿ ಅಂದಷ್ಟೂ ಕಾಲು ಚಾಚತ್ತೆ," ಎಂದಳು ಅವಳು.

ಮೂರು ವಾರದಿಂದ ಇದೇ ಗೋಳು. ಮಾಡಬೇಕಾದ್ದು ಕೇಳಿದರೆ ನಗು ಬರಬೇಕು. ಗ್ರಂಥಾಲಯದ ಸೀಟುಗಳ ಒಂದು ಪಟ್ಟಿ, ಅದು ಮೂರು ಕಂಪ್ಯೂಟರುಗಳಲ್ಲೂ ಒಂದೇ ಥರ ಇರಬೇಕು, ಅಷ್ಟೇ. ಒಂದರಲ್ಲಿ ಬರೆದದ್ದು ಉಳಿದೆರಡಕ್ಕೂ ಹೋಗಬೇಕು. ಒಂದೇ ಸೀಟಿನ ಬಗ್ಗೆ ಎರಡು ಮಾತು ಬಂದರೆ ಕೊನೆಯ ಮಾತು ನಿಲ್ಲಬೇಕು. ಕೊಕ್ಕರೆ ಮೂರನೆಯದರಿಂದ ಸೀಟು ಹಿಡಿಯುತ್ತಿದ್ದ, ಅವಳು ಒಂದನೆಯದರಿಂದ ರದ್ದು ಮಾಡುತ್ತಿದ್ದಳು, ಸೀಟು ಮಾತ್ರ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. ಕೇಬಲ್ ಬದಲಾಯಿಸಿದ್ದಾಯಿತು, ಪ್ರೋಗ್ರಾಮನ್ನು ಎರಡು ಸಲ ಬುಡದಿಂದ ಬರೆದದ್ದಾಯಿತು, ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿದ್ದೂ ಆಯಿತು. ನಾಲ್ಕು ಗಂಟೆಗೆ ಮೇಷ್ಟ್ರ ಮುಂದೆ ಓಡಿಸಿ ತೋರಿಸಬೇಕು. ಕಳೆದ ವರ್ಷ ಇದೇ ವಿಷಯದಲ್ಲಿ ನಪಾಸಾಗಿ ಕಿರಿಯರ ಜೊತೆ ಬಂದು ಕೂತವಳು ಅವಳು. ಇವತ್ತೂ ಕೈಕೊಟ್ಟರೆ ಪದವಿ ಇನ್ನೊಂದು ವರ್ಷ ದೂರ. ಮನೆಯಲ್ಲಿ ಅಪ್ಪ "ಏನಾಯ್ತಮ್ಮಾ" ಎಂದು ಕೇಳುವುದನ್ನೇ ಬಿಟ್ಟಿದ್ದರು. ಬೈದಿದ್ದರೂ ವಾಸಿಯಿತ್ತು.

"ಸೀನಿಯರ್, ಟೀ ಕುಡ್ದು ಬರೋಣ. ಟೀ ಕುಡ್ದು ಬಂದ್ಮೇಲೆ ಯಾವಾಗ್ಲೂ ಸರಿಯಾಗಿ ಓಡತ್ತೆ ಇದು."

"ತಮಾಷೆ ಮಾಡೋ ಹೊತ್ತಾ?"

"ತಮಾಷೆ ಅಲ್ಲ. ನಿನ್ನೆ ಹಂಗೇ ಆಯ್ತು, ಮೊನ್ನೆನೂ ಹಂಗೇ ಆಯ್ತು."

ಹೌದಲ್ಲ, ಎನಿಸಿತು ಅವಳಿಗೆ. ಟೀಗೆ ಹೋಗಿ ಬರಲು ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚೇ ಹಿಡಿಯುತ್ತಿತ್ತು. ಮೂರು ವಾರದ ಹಿಂದೆಯೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದಳು: ಪ್ರತಿ ನಮೂದಿನ ಸಮಯ ತೆಗೆದು ನೋಡಿದಳು. ಹನ್ನೆರಡನೇ ಸೀಟು ಹಿಡಿದದ್ದು ಎರಡು ಐವತ್ತಕ್ಕೆ ಎಂದಿತ್ತು. ಅವಳ ಪರದೆಯ ಮೂಲೆಯಲ್ಲಿ ಈಗಿನ್ನೂ ಎರಡು ಮೂವತ್ತೆಂಟು. ಇನ್ನೂ ಬಾರದ ಹೊತ್ತಿನಲ್ಲಿ ಹಿಡಿದ ಸೀಟನ್ನು ಅವಳು ಈಗ ರದ್ದು ಮಾಡಿದರೆ ಅದು ಹಳೇ ಮಾತಾಗದೆ ಇನ್ನೇನಾದೀತು?

"ಆ ಮೂರನೇದರ ಟೈಮ್ ಮುಟ್ಟಿದ್ದು ಯಾರು?"

"ನಾನೇ ಕಣಮ್ಮ," ಎಂದಳು ಬೀಗದಕ್ಕ. ಲ್ಯಾಬು ತೆರೆಯುವವಳು, ಮುಚ್ಚುವವಳು, ಒಳಬರುವವರ ಫೋನುಗಳನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳುವವಳು. ಸೊಂಟದಲ್ಲಿ ಸದಾ ಬೀಗದ ಕೈಗೊಂಚಲು. "ಗೋಡೆ ಗಡಿಯಾರ ನಿಂತು ಎರಡು ತಿಂಗಳಾಯ್ತು. ಬಾಗಿಲ ಪಕ್ಕ ಇರೋದ್ರಿಂದ ಮೇಷ್ಟ್ರಿಂದ ಹಿಡ್ದು ಎಲ್ರೂ ಇದನ್ನೇ ನೋಡೋದು. ಕಾಲು ಗಂಟೆ ಮುಂದಿಟ್ಟೆ. ಇಲ್ದಿದ್ರೆ ಯಾರು ಏಳ್ತೀರಿ ನೀವು? ಐದೂ ಹತ್ತರ ಬಸ್ಸು ತಪ್ಪಿದ್ರೆ ಮುಂದಿಂದು ಏಳಕ್ಕೆ. ನನ್ ಮಗಳು ಕೂಸನ್ನ ನನ್ ಕೈಗೆ ಕೊಟ್ಟು ಪಾಳಿಗೆ ಹೋಗ್ಬೇಕು."

ಕೊಕ್ಕರೆ ಆಗಲೇ ಮೌಸಿನ ಮೇಲೆ ಕೈಯಿಟ್ಟಿದ್ದ. "ಹತ್ತು ಸೆಕೆಂಡಿನ ಕೆಲಸ. ನಾಳೆ ಮತ್ತೆ ಮುಂದಿಟ್ಕೊಳ್ಳಿ ಅಕ್ಕಾ."

"ಬಸ್ಸು ಇವತ್ತೂ ಐದೂ ಹತ್ತಕ್ಕೇ ಹೋಗೋದಪ್ಪ," ಎಂದಳು ಬೀಗದಕ್ಕ. ಆಮೇಲೆ ಕೀಲಿಗಳನ್ನು ಒಂದೊಂದಾಗಿ ಸರಿಸುತ್ತ, "ಇರ್ಲಿ, ಮಾಡ್ಕೊಳ್ಳಿ. ನಿಮ್ ಪರೀಕ್ಷೆಗಿಂತ ಹೆಚ್ಚಾ," ಎಂದಳು.

ಅವಳಿಗೆ ಮೈಯೆಲ್ಲ ಉರಿಯಿತು. ಬೀಗದಕ್ಕನ ಮೇಲಲ್ಲ, ಬಸ್ಸಿನ ಮೇಲೂ ಅಲ್ಲ. ಚೀಲದಲ್ಲಿ ನೋಟ್ಸಿತ್ತು. ಯಾವ ಕಂಪ್ಯೂಟರಿನ ಗಡಿಯಾರವನ್ನೂ ನಂಬಬೇಡಿ ಎಂದು ಮೇಷ್ಟ್ರು ಹೇಳಿದ್ದನ್ನು ಹೋದ ವರ್ಷವೂ ಈ ವರ್ಷವೂ ಬರೆದುಕೊಂಡು, ಎರಡು ಸಲವೂ ಕೆಂಪು ಗೆರೆ ಎಳೆದಿದ್ದಳು.

"ಕೈ ತೆಗಿ," ಎಂದಳು ಕೊಕ್ಕರೆಗೆ. "ಟೈಮೇ ಬೇಡ. ಪ್ರತಿ ಮಾತಿಗೂ ಒಂದು ನಂಬರ್ ಹಾಕೋಣ. ಇಲ್ಲಿವರೆಗೆ ಕಂಡ ದೊಡ್ಡ ನಂಬರಿಗೆ ಒಂದು ಕೂಡಿಸಿದ್ರೆ ಮುಂದಿಂದು. ದೊಡ್ಡ ನಂಬರಿನ ಮಾತು ನಿಲ್ಲತ್ತೆ."

"ಹುಚ್ಚಾ ನಿಂಗೆ? ಗಂಟೆ ಮೇಲೆ ಇಪ್ಪತ್ತು ನಿಮಿಷ ಉಳಿದಿದೆ ಅಷ್ಟೇ. ಇದೆಲ್ಲ ಮೇಷ್ಟ್ರು ಯಾವಾಗ ಹೇಳ್ಕೊಟ್ರು?"

"ನಂಗೆ ಎರಡು ಸಲ."

ಅವರ ಸರದಿ ಎಲ್ಲರಿಗಿಂತ ಕೊನೆಗೆ ಬಂತು; ಅದೊಂದು ಪುಣ್ಯ. ಕೊನೆಯ ತಪ್ಪು ಸಿಕ್ಕಿದ್ದು ಮೇಷ್ಟ್ರು ಪಕ್ಕದ ತಂಡದವರನ್ನು ಗದರಿಸುತ್ತಿದ್ದಾಗ. ಆಮೇಲೆ ಮೇಷ್ಟ್ರು ಬಂದು ಮೂರನೆಯದರಿಂದ ಸೀಟು ಹಿಡಿದರು, ಒಂದನೆಯದರಿಂದ ರದ್ದು ಮಾಡಿದರು. ಸೀಟು ಹೋಯಿತು. ಮತ್ತೆ ಹಿಡಿದರು, ಮತ್ತೆ ಹೋಯಿತು. ಐದು ಸಲ ಮಾಡಿದರು. ಮುಖದಲ್ಲಿ ಮೆಚ್ಚಿದ ಚಿಹ್ನೆಯೂ ಇಲ್ಲ, ಇನ್ನೊಂದೂ ಇಲ್ಲ. ಆರನೇ ಸಲಕ್ಕೆ ಮೂರನೇ ಪರದೆಯ ಮೂಲೆಯತ್ತ ಅವರ ಕಣ್ಣು ಹೋಯಿತು. ಬೀಗದಕ್ಕನ ಕೀಲಿಗಳ ಸದ್ದು ನಿಂತಿತು.

"ಅರೆ, ಐದಾಗೇ ಹೋಯ್ತಲ್ಲ," ಎಂದರು ಮೇಷ್ಟ್ರು. ಗಡಿಬಿಡಿಯಿಂದ ಅವಳ ಹೆಸರಿನ ಮುಂದೆ 'ಪಾಸ್' ಎಂದು ಬರೆದು ಸಹಿ ಹಾಕಿದರು. "ಏಳಿ ಏಳಿ, ಅವರು ಬಾಗಿಲು ಹಾಕ್ಬೇಕು."

ಕುರ್ಚಿಗಳು ಸರಿದವು. ಬೀಗದಕ್ಕ ಡ್ರಾಯರು ತೆಗೆದು ಒಬ್ಬೊಬ್ಬರಿಗೇ ಫೋನು ಕೊಟ್ಟಳು. ಕೊಕ್ಕರೆಯ ಹಿಂದೆ ನಿಂತಿದ್ದ ಅವಳ ಕೈಗೆ ಬಂದ ಫೋನಿನಲ್ಲಿ ನಾಲ್ಕು ನಲವತ್ತಾರು. ಅದನ್ನು ಚೀಲದೊಳಗೆ ಮಗುಚಿಟ್ಟು, ಇನ್ನೂ ಬಿಸಿಲು ಬೀಳುತ್ತಿದ್ದ ಕೊನೆಯ ಕಿಟಕಿಯ ಬಳಿ ಹೋಗಿ ಚಿಲಕ ಹಾಕಿದಳು.